ಕಾಲೇಜು ಹಾಕಿಯೂ ರಾಷ್ಟ್ರೀಯ ಪಂದ್ಯಾವಳಿಯೂ

ಕನ್ನಡ ಪಾಠ ಹೇಳಿ ನಿವೃತ್ತನಾದವನು ಹಾಕಿಯ ವಿಷಯ ಮಾತನಾಡಲು ಕುಳಿತರೆ ಕೇಳುವವರಿಗೆ ಸೋಜಿಗವೆನಿಸಬಹುದು. ಆದರೆ ನಮ್ಮ ಕಾಲೇಜುಗಳಲ್ಲಿ ಕ್ರೀಡಾ ಸಮಿತಿ ಎಂಬುದೊಂದು ಇರುತ್ತದೆ. ಅದರಲ್ಲಿ ಭಾಷಾ ವಿಭಾಗದ ಒಬ್ಬ ಅಧ್ಯಾಪಕನನ್ನು ಸೇರಿಸುವುದು ವಾಡಿಕೆ. ಪ್ರಯೋಗಶಾಲೆಯ ಕೆಲಸವಿಲ್ಲದ ಈತ ಮಧ್ಯಾಹ್ನದ ಮೇಲೆ ಬಿಡುವಾಗಿರುತ್ತಾನೆ ಎಂಬುದು ಪ್ರಾಂಶುಪಾಲರುಗಳ ಬಲವಾದ ನಂಬಿಕೆ. ಆ ಬಿಡುವಿನ ಫಲವಾಗಿ ನಾನು ಹಲವು ವರ್ಷ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದೇನೆ. ಹುಡುಗರ ಹೆಸರು, ಜನ್ಮದಿನ, ತರಗತಿಗಳನ್ನು ನಮೂನೆಗಳಲ್ಲಿ ತುಂಬಿದ್ದೇನೆ. ಆಟದ ಸೂಕ್ಷ್ಮಗಳನ್ನು ಬಲ್ಲವರು ಬೇರೆ ಇದ್ದಾರೆ. ನಾನು ಹೇಳಹೊರಟಿರುವುದು ಆಟದ ಹಿಂದಿನ ಏರ್ಪಾಡಿನ ವಿಚಾರ.

ಈಚೆಗೆ ಬ್ರಹ್ಮಪುರದ ನಮ್ಮ ಓಣಿಯ ಹುಡುಗನೊಬ್ಬ ಸಂಜೆ ದಾರಿಯಲ್ಲಿ ಸಿಕ್ಕಿದ. ಪದವಿಯ ಎರಡನೆಯ ವರ್ಷದವನು. ಕೈಯಲ್ಲಿ ಹಾಕಿ ಸ್ಟಿಕ್ ಇತ್ತು. ‘ಸರ್, ನಮ್ಮ ಕಾಲೇಜ್ ಟೀಮ್ ನ್ಯಾಷನಲಿಗಿ ಹೋಗಬೇಕಂದ್ರ ಎಷ್ಟ್ ಮ್ಯಾಚ್ ಗೆಲ್ಲಬೇಕ್ರಿ?’ ಎಂದು ಕೇಳಿದ. ಸರಳವಾದ ಪ್ರಶ್ನೆ, ಉತ್ತರವೂ ಸರಳವೇ. ಎಷ್ಟು ಗೆದ್ದರೂ ಕಾಲೇಜಿನ ತಂಡ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಅಲ್ಲಿಗೆ ಹೋಗುವುದು ವಿಶ್ವವಿದ್ಯಾಲಯದ ತಂಡ. ಕಾಲೇಜಿನ ತಂಡ ತನ್ನ ವಿಶ್ವವಿದ್ಯಾಲಯದ ಪಂದ್ಯಾವಳಿಯನ್ನು ಗೆದ್ದ ದಿನವೇ ಅದರ ಆಯುಷ್ಯ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ಹೋಗುವವರು ಅದರೊಳಗಿನ ಮೂರೋ ನಾಲ್ಕೋ ಆಟಗಾರರು. ಅದೂ ಬೇರೊಂದು ಅಂಗಿ ತೊಟ್ಟು, ನಿನ್ನೆ ಎದುರಾಳಿಗಳಾಗಿದ್ದವರ ಜೊತೆಗೂಡಿ.

ಎಲ್ಲ ದೇಶಗಳಲ್ಲಿಯೂ ಹೀಗಿಲ್ಲ. ಅಮೆರಿಕದಲ್ಲಿ ಹಾಕಿ ಎಂದರೆ ಹಿಮದ ಮೇಲಿನ ಹಾಕಿ; ನಮ್ಮ ಆಟವನ್ನು ಅವರು ಮೈದಾನದ ಹಾಕಿ ಎಂದು ಬೇರೆಯಾಗಿ ಕರೆಯುತ್ತಾರೆ. ಅಲ್ಲಿ ವಿದ್ಯಾಸಂಸ್ಥೆಯ ತಂಡವೇ ತನ್ನ ಹೆಸರನ್ನು ಹೊತ್ತು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯವರೆಗೂ ಹೋಗುತ್ತದೆ. ಹಿಮದ ಹಾಕಿಯ ಪುರುಷರ ಮೇಲ್ದರ್ಜೆಯ ಪಂದ್ಯಾವಳಿಗೆ ೧೬ ತಂಡಗಳು. ಪ್ರಾದೇಶಿಕ ಕೂಟಗಳ ವಿಜೇತರಿಗೆ ನೇರ ಪ್ರವೇಶ. ಉಳಿದ ಸ್ಥಾನಗಳಿಗೆ ವರ್ಷವಿಡೀ ಯಾರು ಯಾರನ್ನು ಸೋಲಿಸಿದರು ಎಂಬುದನ್ನು ಗಣಿತಕ್ಕೆ ಇಳಿಸಿ ತಂಡಗಳನ್ನು ಆರಿಸುತ್ತಾರೆ. ಇನ್ನು ನಮ್ಮದೇ ಕೊಡಗಿಗೆ ಬನ್ನಿ. ಪಾಂಡಂಡ ಕುಟ್ಟಪ್ಪನವರು ೧೯೯೭ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಅರ್ಹತಾ ಸುತ್ತು ಎಂಬುದೇ ಇಲ್ಲ. ಒಕ್ಕದ ಹೆಸರೇ ಅರ್ಹತೆ. ಮೊದಲ ವರ್ಷ ೬೦ ಕುಟುಂಬಗಳು ಆಡಿದವು. ೨೦೨೪ರಲ್ಲಿ ನಾಪೋಕ್ಲಿನಲ್ಲಿ ಆ ಸಂಖ್ಯೆ ೩೬೦ ಮುಟ್ಟಿತು. ಅಮೆರಿಕದಲ್ಲಿ ಸಂಸ್ಥೆಯ ಹೆಸರು ಉಳಿಯುತ್ತದೆ, ಕೊಡಗಿನಲ್ಲಿ ಮನೆತನದ ಹೆಸರು ಉಳಿಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಏರ್ಪಾಡಿನಲ್ಲಿ ಉಳಿಯುವುದು ಆಟಗಾರನ ಹೆಸರು ಮಾತ್ರ. ಇದು ನಷ್ಟವೆಂದು ಮೊದಲ ನೋಟಕ್ಕೆ ತೋರುತ್ತದೆ. ನನಗೂ ಬಹಳ ಕಾಲ ಹಾಗೆಯೇ ತೋರಿತ್ತು.

ಏರ್ಪಾಡು ಹೇಗಿದೆ ನೋಡೋಣ. ಪ್ರತಿ ಶೈಕ್ಷಣಿಕ ವರ್ಷದ ಮೊದಲ ಭಾಗದಲ್ಲಿ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗವು ಒಂದು ಸುತ್ತೋಲೆ ಹೊರಡಿಸುತ್ತದೆ. ಇಂಥ ಕಾಲೇಜಿನಲ್ಲಿ ಇಂಥ ದಿನ ಅಂತರ ಕಾಲೇಜು ಹಾಕಿ ಪಂದ್ಯಾವಳಿ. ಜೊತೆಗೇ ವಿಶ್ವವಿದ್ಯಾಲಯ ತಂಡದ ಆಯ್ಕೆ. ಈ ‘ಜೊತೆಗೇ’ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಪಂದ್ಯಗಳು ನಡೆಯುತ್ತಿರುವಾಗ ಆಯ್ಕೆ ಸಮಿತಿಯವರು ಹೊರಗೆ ಕುಳಿತು ಗುರುತು ಹಾಕಿಕೊಳ್ಳುತ್ತಾರೆ. ಕೊನೆಗೆ ಸಂಭಾವ್ಯರ ಪಟ್ಟಿಯೊಂದು ಹೊರಬೀಳುತ್ತದೆ. ಅವರಿಗೆ ಕೆಲವು ದಿನಗಳ ತರಬೇತಿ ಶಿಬಿರ. ಹುಡುಗರ ಬಾಯಲ್ಲಿ ಅದು ‘ಕ್ಯಾಂಪು’. ಅದರಿಂದ ಸೋಸಿ ಉಳಿದ ಹದಿನಾರು, ಹದಿನೆಂಟು ಮಂದಿ ವಿಶ್ವವಿದ್ಯಾಲಯದ ತಂಡ. ಹಾಗೆ ಆಯ್ಕೆಯಾದವನನ್ನು ‘ಬ್ಲೂ’ ಎನ್ನುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಬಣ್ಣದ ಹೆಸರಾಗಿ ಹುಟ್ಟಿದ ಈ ಮಾತು ನಮ್ಮ ಕಡೆ ಒಂದು ಪದವಿಯೇ ಆಗಿಬಿಟ್ಟಿದೆ. ‘ಅವ ಯೂನಿವರ್ಸಿಟಿ ಬ್ಲೂ’ ಎಂದು ಹೇಳುವಾಗ ಹಳ್ಳಿಯ ತಂದೆಯೊಬ್ಬನ ದನಿಯಲ್ಲಿ ಇರುವ ಅಭಿಮಾನ, ಮಗ ಬಿ.ಎ. ಪಾಸಾದ ಎನ್ನುವಾಗ ಇರಲಾರದು.

ಇಲ್ಲಿ ವಿಚಿತ್ರಗಳು ನಡೆಯುತ್ತವೆ. ಪ್ರಶಸ್ತಿ ಗೆದ್ದ ಕಾಲೇಜಿನ ನಾಯಕನಿಗೆ ತಂಡದಲ್ಲಿ ಸ್ಥಾನ ಸಿಗದೆ ಹೋಗಬಹುದು. ಮೊದಲ ಪಂದ್ಯದಲ್ಲಿಯೇ ಎಂಟು ಗೋಲುಗಳಿಂದ ಸೋತ ಕಾಲೇಜಿನ ಗೋಲ್‌ಕೀಪರ್ ಮೊದಲ ಹೆಸರಾಗಿ ಆಯ್ಕೆಯಾಗಬಹುದು. ಏಕೆಂದರೆ ಆ ಎಂಟರ ಜೊತೆಗೆ ಅವನು ತಡೆದ ಇಪ್ಪತ್ತು ಹೊಡೆತಗಳನ್ನು ಸಮಿತಿ ಕಂಡಿರುತ್ತದೆ. ಗೆದ್ದ ತಂಡದ ಗೋಲ್‌ಕೀಪರ್‌ನ ಕಡೆಗೆ ಚೆಂಡೇ ಹೋಗಿರುವುದಿಲ್ಲ, ಅವನನ್ನು ಅಳೆಯುವುದು ಹೇಗೆ? ಸೋತವನ ಆಟ ಹೆಚ್ಚು ಕಾಣುವ ಸ್ಥಾನ ಮೈದಾನದಲ್ಲಿ ಅದೊಂದೇ.

ಸಣ್ಣ ಕಾಲೇಜಿಗೆ ಈ ಪದ್ಧತಿ ಎಂಥ ಆಸರೆ ಎಂಬುದು ಹನ್ನೊಂದು ಜನರನ್ನು ಕೂಡಿಸಲು ಹೆಣಗಿದವರಿಗೇ ಗೊತ್ತು. ನಮ್ಮದು ಎರೆ ಭೂಮಿಯ ಜಿಲ್ಲೆ. ಮಳೆಗಾಲದಲ್ಲಿ ಕಾಲು ಹೂತುಹೋಗುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಗರಸು ಹಾಕಿಸಿ, ಉರುಳುಗಲ್ಲು ಎಳೆದು ಮೈದಾನ ಮಾಡಬೇಕು. ಹಾಕಿಯ ಮೈದಾನವೋ ನೂರು ಗಜ ಉದ್ದ, ಅರವತ್ತು ಗಜ ಅಗಲ. ಕಬಡ್ಡಿಗೆ, ಖೋ ಖೋಗೆ ಒಂದು ಮೂಲೆ ಸಾಕು; ಕ್ರಿಕೆಟ್ ಹುಡುಗರು ಗಲ್ಲಿಯಲ್ಲಿಯೂ ಆಡಿಯಾರು. ಹಾಕಿಗೆ ಸಮತಟ್ಟಾದ ನೆಲವೇ ಆಗಬೇಕು, ಚೆಂಡು ಪುಟಿದರೆ ಹಲ್ಲು ಹೋದೀತು. ಸ್ಟಿಕ್ಕಿಗೆ ಹಣ, ಗೋಲ್‌ಕೀಪರ್‌ನ ಪ್ಯಾಡು, ಶಿರಸ್ತ್ರಾಣಗಳಿಗೆ ಅದರ ಹಲವು ಪಟ್ಟು ಹಣ. ಹುಮನಾಬಾದ್ ರಸ್ತೆಯ ಮೇಲಿನ ಕಮಲಾಪುರ ಈಗ ತಾಲೂಕು ಕೇಂದ್ರ. ಅಲ್ಲಿಯ ಕೆಂಪು ಬಾಳೆಯ ಹಣ್ಣಿನ ರುಚಿ ನಾಡಿಗೆಲ್ಲ ಗೊತ್ತು. ಅಂಥ ಊರಿನ ಕಾಲೇಜೊಂದರಲ್ಲಿ ಹಾಕಿ ಬಲ್ಲವರು ಇಬ್ಬರೋ ಮೂವರೋ ಸಿಕ್ಕಾರು. ಅಮೆರಿಕದ ಪದ್ಧತಿಯಲ್ಲಾದರೆ ಆ ಇಬ್ಬರ ಕಥೆ ಅಲ್ಲಿಗೇ ಮುಗಿಯಿತು: ತಂಡವಿಲ್ಲ, ಆದ್ದರಿಂದ ಪಂದ್ಯವಿಲ್ಲ. ನಮ್ಮಲ್ಲಿ ಮುಕ್ತ ಆಯ್ಕೆ ಎಂಬ ರೂಢಿಯಿದೆ. ತಂಡವಿಲ್ಲದ ಕಾಲೇಜಿನ ವಿದ್ಯಾರ್ಥಿಯೂ ಪ್ರಾಂಶುಪಾಲರ ಪತ್ರ ಹಿಡಿದು ಆಯ್ಕೆಯ ದಿನ ಮೈದಾನಕ್ಕೆ ಬಂದು ನಿಲ್ಲಬಹುದು. ಕಾಲೇಜಿನ ಹೆಸರನ್ನು ಅಳಿಸುವ ಏರ್ಪಾಡೇ ಕಾಲೇಜಿನ ಬಡತನವನ್ನೂ ಅಳಿಸುತ್ತದೆ. ನನ್ನ ಅಭಿಪ್ರಾಯ ಬದಲಾದದ್ದು ಇದನ್ನು ಕಂಡ ಮೇಲೆ.

ಆದರೆ ಸುತ್ತೋಲೆ ಅವನಿಗೆ ತಲುಪಬೇಕು. ಎಷ್ಟೋ ಕಾಲೇಜುಗಳಲ್ಲಿ ಕಾಯಂ ದೈಹಿಕ ಶಿಕ್ಷಣ ನಿರ್ದೇಶಕರಿರುವುದಿಲ್ಲ; ಸುತ್ತೋಲೆ ಯಾವುದೋ ಗುಮಾಸ್ತರ ಮೇಜಿನ ಮೇಲೆ ತಂಗುತ್ತದೆ. ಆಯ್ಕೆ ಮುಗಿದ ಮರುವಾರ ಅದು ಫಲಕದ ಮೇಲೆ ಕಾಣಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಆಟದಲ್ಲಿ ಸೋತವನಿಗೆ ಮುಂದಿನ ವರ್ಷವಿದೆ, ಕಾಗದದಲ್ಲಿ ಸೋತವನಿಗೆ ತಾನು ಸೋತದ್ದೂ ತಿಳಿಯುವುದಿಲ್ಲ.

ಇನ್ನು ಯಾವ ವಿಶ್ವವಿದ್ಯಾಲಯ ಎಂಬ ಪ್ರಶ್ನೆ. ಹಿಂದೆ ಇದಕ್ಕೆ ಒಂದೇ ಉತ್ತರವಿತ್ತು. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಭಾಗದ ಕಾಲೇಜು ಶಿಕ್ಷಣ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಕಲಬುರಗಿಯ ಹುಡುಗ ಧಾರವಾಡದ ತಂಡಕ್ಕೆ ಆಯ್ಕೆಯಾಗಬೇಕಾದರೆ ಬೆಳಗಾವಿ, ಹುಬ್ಬಳ್ಳಿ, ಗದಗುಗಳ ಹುಡುಗರೊಡನೆ ಸೆಣಸಬೇಕಾಗಿತ್ತು. ಬೆಳಗಾವಿಯೆಂದರೆ ಸಾಮಾನ್ಯವೇ? ೧೯೬೪ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದ ಬಂಡು ಪಾಟೀಲರ ಊರು. ೧೯೮೦ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಕಲಬುರಗಿ, ಬೀದರ, ರಾಯಚೂರು, ಬಳ್ಳಾರಿ ಈ ನಾಲ್ಕು ಜಿಲ್ಲೆಗಳಿಗೆ ತಮ್ಮದೇ ಒಂದು ತಂಡವಾಯಿತು. ಮುಂದೆ ೨೦೧೦ರಲ್ಲಿ ಬಳ್ಳಾರಿಯಲ್ಲಿ, ಅದಾದ ಹತ್ತು ಹದಿಮೂರು ವರ್ಷಗಳಲ್ಲಿ ರಾಯಚೂರು, ಬೀದರ, ಕೊಪ್ಪಳಗಳಲ್ಲಿ ಬೇರೆ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು.

ಇದು ಹಾಕಿಗೆ ಒಳ್ಳೆಯದೋ ಕೆಟ್ಟದ್ದೋ? ಎರಡು ಬಗೆಯಾಗಿಯೂ ವಾದಿಸಬಹುದು. ಒಂದು ತಂಡವಿದ್ದಲ್ಲಿ ಐದು ತಂಡಗಳಾದರೆ, ಹದಿನಾರು ಬ್ಲೂಗಳ ಬದಲು ಎಂಬತ್ತು ಬ್ಲೂಗಳು. ಅಷ್ಟು ಮಂದಿ ಹೆಚ್ಚಾಗಿ ಹೊರ ರಾಜ್ಯದ ಮೈದಾನ ಕಾಣುತ್ತಾರೆ. ಆದರೆ ನಾಲ್ಕು ಜಿಲ್ಲೆಗಳಿಂದ ಕಡೆದು ತೆಗೆದ ಬೆಣ್ಣೆಯೂ ಒಂದೇ ಜಿಲ್ಲೆಯಿಂದ ತೆಗೆದದ್ದೂ ಒಂದೇ ಆಗಲಾರದು. ಕೇರಳ, ತಮಿಳುನಾಡುಗಳ ಬಲವಾದ ತಂಡಗಳ ಎದುರು ನಿಂತಾಗ ಅದು ಗೊತ್ತಾಗುತ್ತದೆ. ನಾನು ಈ ವಿಷಯದಲ್ಲಿ ಮೊದಲ ಪಕ್ಷದವನು. ಗೆಲ್ಲುವ ಒಂದು ತಂಡಕ್ಕಿಂತ ಆಡುವ ಐದು ತಂಡಗಳು ನನಗೆ ಇಷ್ಟ. ದೈಹಿಕ ಶಿಕ್ಷಣದ ನನ್ನ ಮಿತ್ರರು ಇದನ್ನು ಒಪ್ಪುವುದಿಲ್ಲ.

ವಿಭಜನೆ ಜಿಲ್ಲೆಗಳಿಗೆ ನಿಲ್ಲಲಿಲ್ಲ, ಓಣಿಯೊಳಗೂ ಬಂತು. ಬ್ರಹ್ಮಪುರದ ಒಂದೇ ಸಾಲಿನ ಮನೆಗಳಲ್ಲಿ ಒಟ್ಟಿಗೆ ಆಡಿ ಬೆಳೆದ ಐವರನ್ನು ಕಲ್ಪಿಸಿಕೊಳ್ಳಿ. ಒಬ್ಬ ಬಿ.ಎ. ಓದುತ್ತ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಆಡುತ್ತಾನೆ. ಎರಡನೆಯವನು ಇಂಜಿನಿಯರಿಂಗ್ ಸೇರಿದ. ಕಾಲೇಜು ಇದೇ ಊರಿನಲ್ಲಿದ್ದರೂ ಅವನ ವಿಶ್ವವಿದ್ಯಾಲಯ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಮೂರನೆಯವನು ವೈದ್ಯಕೀಯಕ್ಕೆ ಹೋದ. ಅವನದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ನಾಲ್ಕನೆಯವನು ಕಾನೂನು ಓದಿದರೆ ಹುಬ್ಬಳ್ಳಿ. ಐದನೆಯವನು ೨೦೦೯ರಲ್ಲಿ ಸ್ಥಾಪನೆಯಾದ, ಈಗ ಆಳಂದ ರಸ್ತೆಯ ಕಡಗಂಚಿಯಲ್ಲಿ ಇರುವ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದರೆ ಅದರದು ಮತ್ತೊಂದು ತಂಡ. ಊರಿನೊಳಗೇ ಇರುವ ಖಾಸಗಿ ವಿಶ್ವವಿದ್ಯಾಲಯಗಳು ಬೇರೆ. ಐವರೂ ವಲಯ ಪಂದ್ಯಾವಳಿಯಲ್ಲಿ ಎದುರು ಬದುರಾಗಿ ನಿಂತಾರು. ಪಿ.ಯು.ಸಿ. ಮುಗಿಸಿದ ಹುಡುಗ ಪದವಿಯ ಶಾಖೆಯನ್ನು ಆರಿಸಿಕೊಳ್ಳುವಾಗ ತನ್ನ ಹಾಕಿ ತಂಡವನ್ನೂ ಆರಿಸಿಕೊಳ್ಳುತ್ತಿದ್ದಾನೆ. ಅದನ್ನು ಅವನಿಗೆ ಹೇಳುವವರು ಯಾರೂ ಇರುವುದಿಲ್ಲ. ಹುಡುಗಿಯರ ವಿಷಯದಲ್ಲಿ ಇನ್ನೊಂದು ತೊಡಕು. ಉತ್ತರ ಕರ್ನಾಟಕದ ಎಷ್ಟೋ ಮಹಿಳಾ ಕಾಲೇಜುಗಳು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ಮಹಿಳಾ ಕಾಲೇಜಿಗೆ ಹೋಗುವ ಅಕ್ಕ, ಸಹಶಿಕ್ಷಣದ ಕಾಲೇಜಿಗೆ ಹೋಗುವ ತಂಗಿ ಬೇರೆ ಬೇರೆ ಅಂಗಿ ತೊಡಬೇಕಾಗುತ್ತದೆ. ಆಯ್ಕೆಗೆಂದು ವಿಜಯಪುರಕ್ಕೆ ಮಗಳೊಬ್ಬಳನ್ನೇ ಕಳಿಸಲು ಹಿಂಜರಿಯುವ ಮನೆಗಳು ಇನ್ನೂ ಇವೆ. ಅಲ್ಲಿ ಅರ್ಹತೆಯ ಮೊದಲ ಸುತ್ತು ನಡೆಯುವುದು ಅಡುಗೆಮನೆಯಲ್ಲಿ.

ತಂಡ ಸಿದ್ಧವಾಯಿತು. ಇನ್ನು ಆಟಗಾರ ಅರ್ಹನೇ ಎಂಬ ವಿಚಾರಣೆ. ನಮ್ಮ ಜಿಲ್ಲೆಯ ಮರತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರ ಮಿತಾಕ್ಷರದಲ್ಲಿ ಆಸ್ತಿಗೆ ಹಕ್ಕುದಾರರು ಯಾರು ಎಂಬುದನ್ನು ಎಷ್ಟು ಬಿಗಿಯಾಗಿ ವಿಂಗಡಿಸಿದ್ದಾನೋ, ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಅಷ್ಟೇ ಬಿಗಿಯಾಗಿ ಆಟಗಾರರ ಹಕ್ಕನ್ನು ವಿಂಗಡಿಸುತ್ತದೆ. ೧೯೨೫ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಲಿ ಎಂದು ಹುಟ್ಟಿ ೧೯೭೩ರಲ್ಲಿ ಈ ಹೆಸರು ಪಡೆದ ಸಂಸ್ಥೆ ಅದು. ದೇಶದ ವಿಶ್ವವಿದ್ಯಾಲಯಗಳ ನಡುವಣ ಪಂದ್ಯಗಳೆಲ್ಲ ಅದರ ಆಶ್ರಯದಲ್ಲಿಯೇ ನಡೆಯುವುದು. ಅದರ ನಿಯಮದಂತೆ ಆಟಗಾರ ಪೂರ್ಣಾವಧಿಯ ವಿದ್ಯಾರ್ಥಿಯಾಗಿರಬೇಕು. ಓದುವ ಕೋರ್ಸು ಕಡಮೆಯೆಂದರೆ ಒಂದು ಶೈಕ್ಷಣಿಕ ವರ್ಷದ್ದಾಗಿರಬೇಕು. ಪೂರ್ಣಾವಧಿ ನೌಕರಿಯಲ್ಲಿರುವವನು ಸಲ್ಲ. ವಯಸ್ಸು ೧೭ರಿಂದ ೨೫ರೊಳಗೆ. ಅದನ್ನು ಜುಲೈ ೧ಕ್ಕೆ ಲೆಕ್ಕ ಹಾಕುತ್ತಾರೆ. ಪದವಿಗೆ ಪ್ರವೇಶ ಕೊಡಿಸಿದ ಪರೀಕ್ಷೆ, ಎಂದರೆ ನಮ್ಮ ಪಿ.ಯು.ಸಿ., ಪಾಸಾಗಿ ಎಂಟು ವರ್ಷಗಳಿಗಿಂತ ಹೆಚ್ಚಾಗಿರಬಾರದು. ಒಂದು ವರ್ಷದಲ್ಲಿ ಒಂದೇ ವಿಶ್ವವಿದ್ಯಾಲಯಕ್ಕೆ ಆಡಬೇಕು.

ವೃತ್ತಿಪರ ಆಟಗಾರರು ವಿದ್ಯಾರ್ಥಿಗಳ ವೇಷದಲ್ಲಿ ನುಸುಳಬಾರದೆಂಬುದು ಈ ನಿಯಮಗಳ ಉದ್ದೇಶ, ಅದು ನ್ಯಾಯವೇ. ಆದರೆ ನಮ್ಮಂಥ ಸೀಮೆಯಲ್ಲಿ ಅದರ ಏಟು ಬೇರೆಯವರಿಗೂ ತಗಲುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಪುಣೆಗೋ ಮುಂಬಯಿಗೋ ಗುಳೆ ಹೋದಾಗ ಹುಡುಗನೂ ಹೋಗುತ್ತಾನೆ. ಮೂರು ವರ್ಷ ಕಟ್ಟಡದ ಕೆಲಸ ಮಾಡಿ ಬಂದು ಮತ್ತೆ ಕಾಲೇಜು ಸೇರುತ್ತಾನೆ. ಎಂಟು ವರ್ಷಗಳ ಲೆಕ್ಕ ಅವನಿಗಾಗಿ ನಿಂತಿರುವುದಿಲ್ಲ, ಜನ್ಮದಿನವೂ ಕಾಯುವುದಿಲ್ಲ. ದಾಖಲೆಯಲ್ಲಿನ ಜನ್ಮದಿನವಾದರೂ ಎಂಥದು? ಹಳ್ಳಿಯ ಮಕ್ಕಳಲ್ಲಿ ಬಹುಪಾಲಿನವರು ಜೂನ್ ೧ರಂದು ಹುಟ್ಟಿದವರು. ಶಾಲೆಗೆ ಸೇರಿಸುವ ದಿನ ಮಾಸ್ತರರು ಕೊಟ್ಟ ಹುಟ್ಟು ಅದು.

ಮುಂದಿನ ಹಂತ ವಲಯ. ಕವಿರಾಜಮಾರ್ಗ ಕನ್ನಡ ನಾಡಿನ ಸೀಮೆಯನ್ನು ನದಿಗಳಿಂದ ಗುರುತಿಸಿತು. ವಿಶ್ವವಿದ್ಯಾಲಯಗಳ ಸಂಘ ದೇಶವನ್ನು ದಿಕ್ಕುಗಳಿಂದ ಗುರುತಿಸುತ್ತದೆ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ನಾಲ್ಕು ವಲಯಗಳು. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಪುದುಚೇರಿಗಳ ವಿಶ್ವವಿದ್ಯಾಲಯಗಳು ದಕ್ಷಿಣ ವಲಯದವು. ಯಾವುದಾದರೊಂದು ವಿಶ್ವವಿದ್ಯಾಲಯ ಆತಿಥ್ಯ ವಹಿಸುತ್ತದೆ. ಪಂದ್ಯದ ಪದ್ಧತಿಗೆ ನಾಕೌಟ್ ಕಮ್ ಲೀಗ್ ಎಂದು ಹೆಸರು. ಮೊದಲು ಸೋತವರು ಮನೆಗೆ. ನಾಲ್ಕು ತಂಡಗಳು ಉಳಿದ ಮೇಲೆ ಆ ನಾಲ್ಕೂ ಪರಸ್ಪರ ಆಡುತ್ತವೆ.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ೩೨ ತಂಡಗಳು ಬಂದವೆಂದು ಇಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ೧೬ ತಂಡಗಳು ಒಂದೇ ಪಂದ್ಯ ಆಡಿ ಹಿಂದಿರುಗುತ್ತವೆ. ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಬಂದವರಿಗೆ ಒಂದು ತಾಸಿನ ಆಟ. ಮೂರು ಪಂದ್ಯ ಸತತವಾಗಿ ಗೆದ್ದವರು ನಾಲ್ವರಲ್ಲಿ ಒಬ್ಬರಾಗುತ್ತಾರೆ. ಅಲ್ಲಿಂದ ಮುಂದೆ ಆರು ಲೀಗ್ ಪಂದ್ಯಗಳು. ಜನ ಸೇರುವುದು, ಅತಿಥಿಗಳು ಬರುವುದು, ಪತ್ರಿಕೆಯಲ್ಲಿ ಚಿತ್ರ ಅಚ್ಚಾಗುವುದು ಈ ಲೀಗ್ ಪಂದ್ಯಗಳಿಗೆ. ಆದರೆ ಅಖಿಲ ಭಾರತ ಪಂದ್ಯಾವಳಿಗೆ ಪ್ರತಿ ವಲಯದಿಂದ ನಾಲ್ಕು ತಂಡಗಳು ಹೋಗುವುದರಿಂದ, ಲೀಗ್ ಮುಟ್ಟಿದ ನಾಲ್ಕೂ ಆಗಲೇ ಅರ್ಹವಾಗಿರುತ್ತವೆ. ಲೀಗ್‌ನಲ್ಲಿ ಮೂರೂ ಪಂದ್ಯ ಸೋತ ತಂಡವೂ ರಾಷ್ಟ್ರೀಯ ಮಟ್ಟಕ್ಕೆ ಹೋಗುತ್ತದೆ. ಕ್ವಾರ್ಟರ್ ಫೈನಲಿನಲ್ಲಿ ಕೊನೆಯ ನಿಮಿಷದ ಪೆನಾಲ್ಟಿ ಕಾರ್ನರಿಗೆ ಸೋತ ತಂಡ ಹೋಗುವುದಿಲ್ಲ. ನಿಜವಾದ ಹೊಸ್ತಿಲು ಎಂದರೆ ಕ್ವಾರ್ಟರ್ ಫೈನಲ್. ಬಹುಮಟ್ಟಿಗೆ ಅದು ನಡೆಯುವುದು ಬೆಳಗಿನ ಹೊತ್ತು, ಖಾಲಿ ಮೆಟ್ಟಿಲುಗಳ ಎದುರು. ಹಿಂದಿನ ವರ್ಷದ ಮೊದಲ ನಾಲ್ಕು ತಂಡಗಳನ್ನು ಪಟ್ಟಿಯಲ್ಲಿ ದೂರ ದೂರ ಇಡುವುದು ರೂಢಿ. ಅವು ಆರಂಭದಲ್ಲಿಯೇ ಡಿಕ್ಕಿ ಹೊಡೆಯಬಾರದೆಂದು. ಇದರ ಪರಿಣಾಮ, ಹೊಸ ತಂಡಕ್ಕೆ ಹೊಸ್ತಿಲಿನಲ್ಲಿ ಎದುರಾಗುವುದು ಹೆಚ್ಚಾಗಿ ಹಳೆಯ ಹುಲಿಯೇ.

ನಾಲ್ಕು ವಲಯಗಳ ನಾಲ್ಕು ನಾಲ್ಕು ತಂಡ ಸೇರಿ ೧೬. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ಎಂದರೆ ಅದು. ಅಲ್ಲಿ ಪಂಜಾಬಿನ ತಂಡಗಳು ಕಾದಿರುತ್ತವೆ. ವಿಶ್ವವಿದ್ಯಾಲಯಗಳ ಒಟ್ಟು ಕ್ರೀಡಾ ಸಾಧನೆಗೆ ೧೯೫೬-೫೭ರಿಂದ ಕೊಡುತ್ತ ಬಂದಿರುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯನ್ನು ಅಮೃತಸರದ ಗುರು ನಾನಕ್ ದೇವ್ ವಿಶ್ವವಿದ್ಯಾಲಯವೊಂದೇ ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿದೆಯೆಂದರೆ ಅವರ ಬಲ ಊಹಿಸಬಹುದು. ಈಚೆಗೆ ಇದರ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟಿದ್ದಾರೆ. ೨೦೨೦ರಲ್ಲಿ ಭುವನೇಶ್ವರದಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಅಖಿಲ ಭಾರತದ ಮೊದಲ ಎಂಟು ತಂಡಗಳಿಗೆ ಪ್ರವೇಶ. ಅದರ ಎರಡನೆಯ ಕೂಟ ೨೦೨೨ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು.

ಇಲ್ಲಿಯವರೆಗಿನದು ನಿಯಮದ ಮಾತು. ನಿಯಮಪುಸ್ತಕದಲ್ಲಿ ಇಲ್ಲದ ಒಂದು ಅರ್ಹತೆ ಇದೆ, ಅದು ನೆಲದ್ದು. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದರು. ಎಂಟು ವರ್ಷಗಳ ಹಿಂದಿನವರೆಗೆ ಚಿನ್ನವನ್ನೋ ಬೆಳ್ಳಿಯನ್ನೋ ಕಂಚನ್ನೋ ಬಿಟ್ಟರಿಯದ, ೧೯೭೨ರಲ್ಲಿಯೂ ಕಂಚು ತಂದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಇಡೀ ದೇಶಕ್ಕೆ ಅಂದು ಒದಗಿದ ಗತಿ ಗರಸಿನ ಮೈದಾನದ ಹುಡುಗನಿಗೆ ಇಂದಿಗೂ ಒದಗುತ್ತದೆ. ನೀರು ಚಿಮುಕಿಸಿದ ಹಸಿರು ಹಾಸಿನ ಮೇಲೆ ಚೆಂಡು ತೆವಳದೆ ಹಾರಿದಂತೆ ಓಡುತ್ತದೆ. ಗರಸಿನ ಮೇಲೆ ಚೆಂಡನ್ನು ನಿಲ್ಲಿಸಿ, ನೋಡಿ, ಹೊಡೆಯಲು ಕಲಿತವನಿಗೆ ಅಲ್ಲಿ ನೋಡುವಷ್ಟು ವ್ಯವಧಾನವಿಲ್ಲ. ಅವನು ಅದಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಎರಡು ಗೋಲು ಆಗಿರುತ್ತವೆ, ಪಂದ್ಯವೋ ನಾಕೌಟ್. ತರಬೇತಿ ಶಿಬಿರದ ನಾಲ್ಕೇ ದಿನಗಳನ್ನಾದರೂ ಹುಲ್ಲುಹಾಸು ಇರುವ ಊರಿನಲ್ಲಿ ನಡೆಸಬೇಕೆಂದು ನಾನು ಸಮಿತಿಗಳಲ್ಲಿ ಹೇಳುತ್ತಲೇ ಬಂದೆ. ಪ್ರಯಾಣ ಭತ್ಯೆಯ ಪ್ರಶ್ನೆ ಬರುತ್ತದೆ, ಅಲ್ಲಿಗೆ ಸಭೆ ಮುಗಿಯುತ್ತದೆ.

ಓಣಿಯ ಆ ಹುಡುಗನಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. ಅಂತರ ಕಾಲೇಜು ಪಂದ್ಯಾವಳಿಯ ದಿನಾಂಕವನ್ನು ಕಾಲೇಜಿನ ಫಲಕದಲ್ಲಿ ಹುಡುಕಬೇಡ, ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗಕ್ಕೇ ಹೋಗಿ ಕೇಳು ಎಂದೆ. ಹತ್ತನೆಯ ತರಗತಿಯ ಅಂಕಪಟ್ಟಿ, ಪಿ.ಯು.ಸಿ. ಅಂಕಪಟ್ಟಿ, ಈ ವರ್ಷದ ಶುಲ್ಕದ ರಸೀತಿ ಇವನ್ನು ಈಗಲೇ ಒಂದು ಚೀಲದಲ್ಲಿ ಹಾಕಿಡು ಎಂದೆ. ಅರ್ಹತಾ ನಮೂನೆಯಲ್ಲಿ ಆಟಗಾರನ ಹೆಸರು, ತಂದೆಯ ಹೆಸರು, ಜನ್ಮದಿನಗಳ ಜೊತೆಗೆ ಕಾಲೇಜಿನ ಹೆಸರಿಗೂ ಒಂದು ಅಂಕಣವಿದೆ. ಅದರಲ್ಲಿ ಕಾಲೇಜಿನ ಹೆಸರನ್ನು ಗುಂಡಗೆ, ಪೂರ್ತಿಯಾಗಿ ಬರೆಯಲು ಹೇಳಿದೆ.